ಮೇಲಿನ ಕೆರೆಯ ನೀರು: ಬ್ರೌಸರ್ ಅಪ್ಲಿಕೇಶನ್‌ಗಳೂ ಪ್ಯಾಕೇಜ್‌ಗಳ ಸರಪಳಿಯೂ

(ಕೋಲಾರದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಊರಿನಲ್ಲೇ ಇದ್ದು ವೆಬ್ ಕೆಲಸ ಮಾಡುವ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟದಲ್ಲಿ ಬಿಟ್ಟುಹೋಗಿದ್ದ ಕೆಲವು ವಿವರಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಬೆಳಗಿನ ಕತೆಯಿಂದ ಶುರು ಮಾಡುತ್ತೇನೆ. ನಾವು ಮೂವರು ಸೇರಿ ಟೊಮೆಟೊ ದರ ತೋರಿಸುವ ಸಣ್ಣ ವೆಬ್ ಅಪ್ಲಿಕೇಶನ್ ಒಂದನ್ನು ನಡೆಸುತ್ತೇವೆ. ಇಲ್ಲಿನ ಎಪಿಎಂಸಿಯಲ್ಲಿ ಹರಾಜು ಮುಗಿಯುತ್ತಿದ್ದಂತೆ 15 ಕಿಲೋ ಬಾಕ್ಸು ಎಷ್ಟಕ್ಕೆ ಹೋಯಿತು ಎನ್ನುವುದು ಅದರಲ್ಲಿ ಬರುತ್ತದೆ. 2023ರ ಜುಲೈನಲ್ಲಿ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿದ್ದು ನಿಮಗೆಲ್ಲ ನೆನಪಿರಬೇಕು. ಅಂಥ ದಿನಗಳಲ್ಲಿ ಇವತ್ತೇ ಕೀಳಿಸಬೇಕೋ, ಎರಡು ದಿನ ಬಿಡಬೇಕೋ ಎಂದು ತೀರ್ಮಾನಿಸುವವರಿಗೆ ಆ ಒಂದು ಅಂಕಿ ಬೇಕು.

ಹಿಂದಿನ ಸಂಜೆ ನಾವು ಬದಲಾಯಿಸಿದ್ದು ಒಂದೇ ಪದ. ‘ಗರಿಷ್ಟ’ ಎಂದು ತಪ್ಪಾಗಿದ್ದುದನ್ನು ‘ಗರಿಷ್ಠ’ ಎಂದು ತಿದ್ದಿ, ಹೊಸ ಬಿಲ್ಡ್ (ಬ್ರೌಸರಿಗೆ ಕಳಿಸಲು ಸಿದ್ಧಮಾಡಿದ ಕೋಡ್) ಏರಿಸಿ ಮನೆಗೆ ಹೋದೆವು. ಬೆಳಿಗ್ಗೆ ವೇಮಗಲ್ ಕಡೆಯ ರೈತರೊಬ್ಬರ ಫೋನು: ‘ಸಾರ್, ಪೇಜು ಪೂರ್ತಿ ಬೆಳ್ಳಗೈತೆ. ಒಂದಕ್ಷರ ಬರ್ತಿಲ್ಲ.’ ನಮ್ಮ ಮೂವರ ಫೋನಿನಲ್ಲೂ ಸರಿಯಾಗಿಯೇ ಇತ್ತು. ಅವರ ನೆಟ್‌ವರ್ಕ್ ಇರಬೇಕು ಅಂದುಕೊಂಡೆವು. ಅಷ್ಟರಲ್ಲಿ ಮುಳಬಾಗಿಲು ಕಡೆಯಿಂದ ಇನ್ನೊಂದು ಫೋನು, ಶ್ರೀನಿವಾಸಪುರದಿಂದ ಮತ್ತೊಂದು.

ಒಂದು ಅಕ್ಷರ ತಿದ್ದಿದ್ದಕ್ಕೆ ಇಡೀ ಪುಟ ಹೇಗೆ ಮಾಯವಾಗುತ್ತದೆ? ನಮಗೆ ಗೊತ್ತಾಗಲು ಎರಡು ಗಂಟೆ ಹಿಡಿಯಿತು. ಬಿಲ್ಡ್ ಸರ್ವರ್ ಪ್ರತಿ ಸಲವೂ ಎಲ್ಲ ಪ್ಯಾಕೇಜ್‌ಗಳನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟುಗಳನ್ನು, ಹೊಸದಾಗಿ ಇಳಿಸಿಕೊಳ್ಳುತ್ತಿತ್ತು. ಅವುಗಳಲ್ಲಿ ಒಂದು ಸಣ್ಣ ಪ್ಯಾಕೇಜ್ ಆ ವಾರವಷ್ಟೇ ಹೊಸ ಆವೃತ್ತಿ ಹೊರಡಿಸಿತ್ತು. ಅದರ ಒಳಗೆ ‘?.’ ಎಂಬ ಚಿಹ್ನೆ ಬಳಸಿದ್ದರು. ಜಾವಾಸ್ಕ್ರಿಪ್ಟಿಗೆ ಅದು ಅಧಿಕೃತವಾಗಿ ಬಂದದ್ದು 2020ರಲ್ಲಿ. ಕ್ರೋಮ್‌ನಲ್ಲಿ 80ನೇ ಆವೃತ್ತಿಯಿಂದ ಈಚೆಗೆ ಮಾತ್ರ ಅರ್ಥವಾಗುತ್ತದೆ. ಹಳೆಯ ಬ್ರೌಸರ್ ಫೈಲನ್ನು ಓದುತ್ತ ಹೋಗಿ ತನಗೆ ತಿಳಿಯದ ಒಂದು ಚಿಹ್ನೆ ಕಂಡಿತೆಂದರೆ ಆ ಸಾಲನ್ನಷ್ಟೇ ಬಿಡುವುದಿಲ್ಲ, ಇಡೀ ಫೈಲನ್ನೇ ತಳ್ಳಿಹಾಕುತ್ತದೆ. ನಾವು ಬರೆದ ಕೋಡನ್ನು ನಮ್ಮ ಬಿಲ್ಡ್ ಹಳೆಯ ಬ್ರೌಸರಿಗೆ ಒಗ್ಗುವಂತೆ ಬದಲಿಸುತ್ತಿತ್ತು. ಪ್ಯಾಕೇಜ್‌ಗಳ ಕೋಡನ್ನು ಮಾತ್ರ ಹಾಗೇ ಸೇರಿಸಿಕೊಳ್ಳುತ್ತಿತ್ತು. ಎಷ್ಟೋ ತಂಡಗಳಲ್ಲಿ ಇವತ್ತಿಗೂ ಹೀಗೇ ಇದೆ, ನಿಮ್ಮದನ್ನು ಒಮ್ಮೆ ನೋಡಿಕೊಳ್ಳಿ.

ಆ ಪ್ಯಾಕೇಜನ್ನು ನಾವು ಆರಿಸಿಯೇ ಇರಲಿಲ್ಲ. ಅದರ ಹೆಸರನ್ನೇ ಕೇಳಿರಲಿಲ್ಲ. ನಾವು ಹಾಕಿಕೊಂಡದ್ದು ದರದ ಏರಿಳಿತ ತೋರಿಸುವ ಒಂದು ಚಾರ್ಟ್ ಪ್ಯಾಕೇಜ್. ಅದಕ್ಕೆ ಇನ್ನೊಂದು ಬೇಕಿತ್ತು, ಆ ಇನ್ನೊಂದಕ್ಕೆ ಇದು ಬೇಕಿತ್ತು.

ಕೋಲಾರದವರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವಲ್ಲ. ವರ್ಷವಿಡೀ ಹರಿಯುವ ನದಿ ನಮಗಿಲ್ಲ. ಕೆರೆಗಳ ಸರಪಳಿಯೇ ನಮ್ಮ ನದಿ. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅದು ತುಂಬಿದರೆ ಮುಂದಿನದಕ್ಕೆ. ನಿಮ್ಮ ಊರಿನ ಗದ್ದೆಗೆ ತೂಬಿನಿಂದ ಬರುವ ನೀರು ಎಷ್ಟು ಕೆರೆ ದಾಟಿ ಬಂದಿದೆ ಎನ್ನುವುದು ಗದ್ದೆಯಲ್ಲಿ ನಿಂತವನಿಗೆ ಕಾಣುವುದಿಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಂದ ಹೊಸತರಲ್ಲಿ ನೊರೆ ಕಾಣಿಸಿಕೊಂಡು ಎಷ್ಟು ಗಲಾಟೆಯಾಯಿತು, ವಿಷಯ ಹೈಕೋರ್ಟಿನವರೆಗೆ ಹೋಯಿತು. ಆ ಯೋಜನೆಯ ಸರಿ ತಪ್ಪು ಇವತ್ತಿನ ವಿಷಯವಲ್ಲ. ನನಗೆ ಬೇಕಾದದ್ದು ಇಷ್ಟು: ಅಲ್ಲಿ ನೊರೆ ಕಣ್ಣಿಗೆ ಬಿತ್ತು, ಜನ ಕೇಳಿದರು. ಪ್ಯಾಕೇಜಿನ ನೀರಿನಲ್ಲಿ ನೊರೆ ಏಳುವುದಿಲ್ಲ. ನಾವೇ ಮೇಲಿನ ಕೆರೆಯವರೆಗೆ ನಡೆದು ಹೋಗಿ ನೋಡಬೇಕು.

ಈಗ ಕೆಲಸದ ಮಾತಿಗೆ ಬರೋಣ. ಜಾವಾಸ್ಕ್ರಿಪ್ಟಿನಲ್ಲಿ ನಾವು ಪ್ಯಾಕೇಜ್ ತರುವುದು ಮುಖ್ಯವಾಗಿ ಎನ್‌ಪಿಎಂ ಭಂಡಾರದಿಂದ. ಅದು 2010ರಲ್ಲಿ ಶುರುವಾದದ್ದು ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ಗಾಗಿ. ಆಗ ಬ್ರೌಸರ್ ಕಡೆಯವರು ಜೆಕ್ವೆರಿ ಎಂಬ ಸಿದ್ಧ ಕೋಡಿನ ಫೈಲನ್ನು ಇಳಿಸಿ ಸ್ಕ್ರಿಪ್ಟ್ ಟ್ಯಾಗಿನಲ್ಲಿ ಹಾಕುತ್ತಿದ್ದರು. 2012ರಲ್ಲಿ ಬ್ರೌಸರ್ ಕಡೆಯ ಪ್ಯಾಕೇಜ್‌ಗಳಿಗೆಂದೇ ಬವರ್ ಬಂತು, ಹೋಯಿತು. ಹಲವು ಫೈಲುಗಳನ್ನು ಬ್ರೌಸರಿಗಾಗಿ ಒಟ್ಟುಗೂಡಿಸುವ ಬ್ರೌಸರಿಫೈ, ವೆಬ್‌ಪ್ಯಾಕ್ ಬಂದ ಮೇಲೆ ಸರ್ವರಿಗೆ ಕಟ್ಟಿದ ಭಂಡಾರವೇ ಬ್ರೌಸರಿಗೂ ಭಂಡಾರವಾಯಿತು. ಈ ಚರಿತ್ರೆಯನ್ನು ಹೇಳಲು ಒಂದೇ ಕಾರಣ. ಸರ್ವರಿನಲ್ಲಿ ಐವತ್ತು ಎಂಬಿ ಪ್ಯಾಕೇಜ್ ಇದ್ದರೂ ಯಾರೂ ಕೇಳುವುದಿಲ್ಲ. ಬ್ರೌಸರಿನಲ್ಲಿ ಒಂದೊಂದು ಕೆಬಿಯೂ ಬಳಸುವವರ ಡೇಟಾದಲ್ಲಿ ಇಳಿದು, ಅವರ ಫೋನಿನ ಬ್ಯಾಟರಿಯಲ್ಲಿ ಓಡುತ್ತದೆ. ಸರ್ವರ್ ನಮ್ಮದು, ಫೋನು ಅವರದು.

ಆವೃತ್ತಿ ಸಂಖ್ಯೆಯ ವಿಷಯ ಹೆಚ್ಚಿನವರಿಗೆ ಗೊತ್ತಿದೆ, ಆದರೂ ಹೇಳುತ್ತೇನೆ. 4.2.7 ಅಂದರೆ ಮೊದಲನೆಯದು ಬದಲಾದರೆ ಹಳೆಯ ಬಳಕೆ ಮುರಿಯಬಹುದು, ನಡುವಿನದು ಬದಲಾದರೆ ಹೊಸ ಸೌಲಭ್ಯ ಬಂದಿದೆ, ಕೊನೆಯದು ಬದಲಾದರೆ ದೋಷ ತಿದ್ದಿದ್ದಾರೆ. ನೀವು ಪ್ಯಾಕೇಜ್ ಹಾಕಿಕೊಂಡಾಗ ಸಂಖ್ಯೆಯ ಮುಂದೆ ^ ಎಂಬ ಟೋಪಿ ಗುರುತು ತಾನಾಗಿ ಬರುತ್ತದೆ. ^4.2.7 ಅಂದರೆ ಅದೇ ಅಥವಾ ಅದಕ್ಕಿಂತ ಹೊಸದು, 5ಕ್ಕಿಂತ ಕೆಳಗಿನದು ಯಾವುದಾದರೂ ಆದೀತು. ~4.2.7 ಅಂದರೆ 4.3ಕ್ಕಿಂತ ಕೆಳಗಿನದು. ಸೊನ್ನೆಯಿಂದ ಶುರುವಾಗುವ ಸಂಖ್ಯೆಗೆ ಟೋಪಿಯ ಅರ್ಥ ಬೇರೆ: ^0.2.3 ಅಂದರೆ 0.3ಕ್ಕಿಂತ ಕೆಳಗೆ ಮಾತ್ರ.

ಈ ಸಂಖ್ಯೆಗಳು ಬರೆದವರ ಮಾತು, ಅಷ್ಟೇ. ಅದನ್ನು ತಪಾಸಣೆ ಮಾಡುವ ಯಂತ್ರ ಇಲ್ಲ. ನಮ್ಮ ಕತೆಯಲ್ಲಿ ಆ ಪ್ಯಾಕೇಜಿನವರು ನಡುವಿನ ಅಂಕಿಯನ್ನಷ್ಟೇ ಏರಿಸಿದ್ದರು. ಅವರ ದೃಷ್ಟಿಯಲ್ಲಿ ಏನೂ ಮುರಿದಿರಲಿಲ್ಲ. ವೇಮಗಲ್‌ನ ಫೋನು ಅವರ ಲೆಕ್ಕದಲ್ಲಿ ಇರಲಿಲ್ಲ, ಅದು ನಮ್ಮ ಲೆಕ್ಕದಲ್ಲಿ ಇರಬೇಕಿತ್ತು.

ನಾವು ಮಾಡಿದ್ದ ತಪ್ಪು ಲಾಕ್‌ಫೈಲನ್ನು ಕೋಡ್ ಬದಲಾವಣೆಗಳ ದಾಖಲೆ ಇಡುವ ಗಿಟ್‌ಗೆ ಸೇರಿಸದೆ ಇದ್ದದ್ದು. ಅದು ತಾನಾಗಿ ಹುಟ್ಟುವ ಫೈಲು, ಸಾವಿರಾರು ಸಾಲು, ಪ್ರತಿ ಸಲ ಗೊಂದಲ ಎಂದು ಬಿಟ್ಟಿದ್ದೆವು. ಇಲ್ಲಿ ಕುಳಿತಿರುವ ಎಷ್ಟು ಜನ ಹಾಗೆ ಮಾಡಿದ್ದೀರಿ ಎಂದು ಕೇಳಿದಾಗ ಎದ್ದ ಕೈಗಳು ಕಡಿಮೆ ಇಲ್ಲ. ಲಾಕ್‌ಫೈಲ್ ಅಂದರೆ ಏನೆಂದು ಸರಿಯಾಗಿ ತಿಳಿದರೆ ಯಾರೂ ಅದನ್ನು ಬಿಡುವುದಿಲ್ಲ. ನೀವು ಕೇಳಿದ ಪ್ಯಾಕೇಜ್ ಮಾತ್ರವಲ್ಲ, ಅದರ ಹಿಂದೆ ಬಂದ ಪ್ರತಿಯೊಂದರ ಖಚಿತ ಆವೃತ್ತಿ, ಅದು ಬಂದ ವಿಳಾಸ, ಅದರ ಒಳಗಿನ ಪ್ರತಿ ಬೈಟಿಗೂ ತಾಳೆಯಾಗುವ ಹ್ಯಾಶ್ ಎಂಬ ಬೆರಳಚ್ಚು, ಇಷ್ಟೂ ಅದರಲ್ಲಿ ಇರುತ್ತದೆ. ಜಮೀನಿನ ಪಹಣಿ ಇದ್ದಂತೆ: ಯಾವ ಸರ್ವೆ ನಂಬರು, ಎಷ್ಟು ಗುಂಟೆ, ಯಾರ ಹೆಸರು ಎಲ್ಲ ಅಲ್ಲಿದೆ. 2016ರ ಅಕ್ಟೋಬರ್‌ನಲ್ಲಿ ಎನ್‌ಪಿಎಂ ಬದಲಿಗೆ ಬಳಸುವ ಯಾರ್ನ್ ಬಂದಾಗ ಲಾಕ್‌ಫೈಲನ್ನು ಮೊದಲಿನಿಂದಲೇ ತಂದಿತು. ಎನ್‌ಪಿಎಂ 2017ರ ಮೇ ತಿಂಗಳಲ್ಲಿ, 5ನೇ ಆವೃತ್ತಿಯಲ್ಲಿ, ತಾನಾಗಿ ಬರೆಯತೊಡಗಿತು.

ಲಾಕ್‌ಫೈಲ್ ಇದ್ದರೂ ಇನ್ನೊಂದು ಜಾಗದಲ್ಲಿ ಜನ ಎಡವುತ್ತಾರೆ. ಬಿಲ್ಡ್ ಸರ್ವರಿನಲ್ಲಿ ‘ಎನ್‌ಪಿಎಂ ಇನ್‌ಸ್ಟಾಲ್’ ಬರೆಯಬೇಡಿ, ‘ಎನ್‌ಪಿಎಂ ಸಿಐ’ ಬರೆಯಿರಿ. ಇನ್‌ಸ್ಟಾಲ್ ಬೇಕೆನಿಸಿದರೆ ಲಾಕ್‌ಫೈಲನ್ನೇ ತಿದ್ದಿಬಿಡುತ್ತದೆ. ಸಿಐ ಹಾಗಲ್ಲ. ಪ್ಯಾಕೇಜ್‌ಗಳು ಇಳಿದು ಕೂರುವ ಹಳೆಯ ನೋಡ್ ಮಾಡ್ಯೂಲ್ಸ್ ಫೋಲ್ಡರನ್ನು ಅಳಿಸಿ, ಲಾಕ್‌ಫೈಲಿನಲ್ಲಿ ಇರುವುದನ್ನೇ ಅಕ್ಷರಶಃ ಹಾಕುತ್ತದೆ. ನಾವು ಬರೆದ ಪ್ಯಾಕೇಜ್ ಪಟ್ಟಿಗೂ ಲಾಕ್‌ಫೈಲಿಗೂ ತಾಳೆ ಆಗದಿದ್ದರೆ, ಅಥವಾ ಲಾಕ್‌ಫೈಲೇ ಇಲ್ಲದಿದ್ದರೆ, ಅಲ್ಲೇ ನಿಂತುಬಿಡುತ್ತದೆ. ಆ ಸಂಜೆ ನಮ್ಮ ಬಿಲ್ಡ್ ಹಾಗೆ ನಿಂತಿದ್ದರೆ ಬೆಳಗಿನ ಫೋನು ಬರುತ್ತಿರಲಿಲ್ಲ.

ಪ್ಯಾಕೇಜ್ ಅಂದರೆ ಕೋಡ್ ಮಾತ್ರವಲ್ಲ, ಅದರ ಹಿಂದೆ ಒಬ್ಬ ಮನುಷ್ಯ ಇದ್ದಾನೆ. ಇಷ್ಟು ದೂರ ನಿಮ್ಮನ್ನು ಕರೆದುಕೊಂಡು ಬಂದದ್ದು ಈ ಮಾತು ಹೇಳುವುದಕ್ಕೆ.

2016ರ ಮಾರ್ಚ್ 22ರಂದು ನಡೆದದ್ದನ್ನು ನೋಡಿ. ಅಜೆರ್ ಕೊಚುಲು ಎಂಬ ಪ್ರೋಗ್ರಾಮರ್ ‘ಕಿಕ್’ ಎಂಬ ಹೆಸರಿನ ಒಂದು ಪ್ಯಾಕೇಜ್ ಇಟ್ಟಿದ್ದರು. ಅದೇ ಹೆಸರಿನ ಕಂಪನಿ ಹೆಸರು ಬಿಟ್ಟುಕೊಡಿ ಎಂದಿತು, ಅವರು ಒಪ್ಪಲಿಲ್ಲ. ಎನ್‌ಪಿಎಂ ಆ ಹೆಸರನ್ನು ಕಂಪನಿಗೆ ಕೊಟ್ಟಿತು. ಬೇಸರಗೊಂಡ ಅವರು ತಮ್ಮ 250ಕ್ಕೂ ಹೆಚ್ಚು ಪ್ಯಾಕೇಜ್‌ಗಳನ್ನು ಭಂಡಾರದಿಂದ ತೆಗೆದುಬಿಟ್ಟರು. ಅದರಲ್ಲಿ ‘ಲೆಫ್ಟ್-ಪ್ಯಾಡ್’ ಎಂಬುದೊಂದಿತ್ತು: 11 ಸಾಲು, ಪದದ ಎಡಕ್ಕೆ ಖಾಲಿ ಜಾಗವನ್ನೋ ಸೊನ್ನೆಯನ್ನೋ ತುಂಬುವ ಕೆಲಸ. ಹೊಸ ಜಾವಾಸ್ಕ್ರಿಪ್ಟನ್ನು ಹಳೆಯ ಬ್ರೌಸರಿಗೆ ಒಗ್ಗಿಸುವ ಬೇಬಲ್‌ನಂಥ ದೊಡ್ಡ ಉಪಕರಣಗಳೂ ಸರಪಳಿಯಲ್ಲಿ ಎಲ್ಲೋ ಅದಕ್ಕೆ ಜೋತುಬಿದ್ದಿದ್ದವು. ಜಗತ್ತಿನಾದ್ಯಂತ ಬಿಲ್ಡ್‌ಗಳು ನಿಂತವು. ಕೆಲವು ಗಂಟೆಗಳಲ್ಲಿ ಎನ್‌ಪಿಎಂ ಅದನ್ನು ಮರಳಿ ಹಾಕಿತು, ಆಮೇಲೆ ಪ್ಯಾಕೇಜ್ ತೆಗೆಯುವ ನಿಯಮವನ್ನು ಬಿಗಿ ಮಾಡಿತು. ಮರುವರ್ಷ ಅದೇ ಕೆಲಸ ಮಾಡುವ ‘ಪ್ಯಾಡ್‌ಸ್ಟಾರ್ಟ್’ ಜಾವಾಸ್ಕ್ರಿಪ್ಟ್ ಭಾಷೆಯೊಳಗೇ ಸೇರಿತು.

2018ರದು ಇನ್ನೂ ನೋವಿನ ಕತೆ. ‘ಇವೆಂಟ್-ಸ್ಟ್ರೀಮ್’ ಎಂಬ ಪ್ಯಾಕೇಜನ್ನು ವಾರಕ್ಕೆ ಸುಮಾರು 20 ಲಕ್ಷ ಸಲ ಇಳಿಸಿಕೊಳ್ಳುತ್ತಿದ್ದರು. ಬರೆದವರು ಅದನ್ನು ತಾವೇ ಬಳಸುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಅದರಿಂದ ಅವರಿಗೆ ಒಂದು ಪೈಸೆ ಬರುತ್ತಿರಲಿಲ್ಲ. ಯಾರೋ ಬಂದು ‘ನಾನು ನೋಡಿಕೊಳ್ಳುತ್ತೇನೆ’ ಎಂದರು, ಇವರು ಕೊಟ್ಟರು. ಹೊಸಬರು ಸದ್ದಿಲ್ಲದೆ ಇನ್ನೊಂದು ಪ್ಯಾಕೇಜನ್ನು ಅದಕ್ಕೆ ಜೋಡಿಸಿದರು. ಅದರ ಒಳಗೆ ಕೋಪೆ ಎಂಬ ಬಿಟ್‌ಕಾಯಿನ್ ವಾಲೆಟ್‌ನಿಂದ ಹಣ ಕದಿಯುವ ಕೋಡ್ ಇತ್ತು.

ಕೊಟ್ಟವರನ್ನು ಬೈದವರು ಬಹಳ. ನನಗೆ ಬೈಯಲು ಮನಸ್ಸಾಗುವುದಿಲ್ಲ. ನಮ್ಮ ಊರುಗಳಲ್ಲಿ ನೀರಗಂಟಿ ಅಂತ ಇರುತ್ತಿದ್ದರು. ಯಾವಾಗ ತೂಬು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಏರಿಯಲ್ಲಿ ಎಲ್ಲಿ ಬಿರುಕು ಎಂದು ಅವರಿಗೆ ಗೊತ್ತು. ಸುಗ್ಗಿಯಲ್ಲಿ ಅಚ್ಚುಕಟ್ಟಿನ ಪ್ರತಿ ಮನೆಯವರೂ ಅವರಿಗೆ ಇಷ್ಟು ಕಾಳು ಅಂತ ಅಳೆದು ಕೊಡುತ್ತಿದ್ದರು. ಹಾಗೆ ಅಳೆದು ಕೊಡುವವರಿದ್ದುದರಿಂದ ಕೆರೆ ಉಳಿಯಿತು. ನಾವು ವಾರಕ್ಕೆ ಇಪ್ಪತ್ತು ಲಕ್ಷ ಸಲ ಒಬ್ಬನ ಕೆರೆಯಿಂದ ನೀರು ಎಳೆದು, ಒಂದು ಸೇರು ಕಾಳನ್ನೂ ಅಳೆಯದೆ, ಅವನು ಬೇಸತ್ತು ಬೀಗದ ಕೈಯನ್ನು ಯಾರಿಗೋ ಕೊಟ್ಟ ಮೇಲೆ ಅವನನ್ನೇ ಬೈದರೆ ಹೇಗೆ? ನೀವು ದಿನವೂ ಬಳಸುವ ಪ್ಯಾಕೇಜಿನಲ್ಲಿ ದೋಷ ಕಂಡರೆ ಸರಿಯಾಗಿ ವರದಿ ಮಾಡಿ, ದಾಖಲೆಯಲ್ಲಿ ತಪ್ಪಿದ್ದರೆ ತಿದ್ದಿ ಕಳಿಸಿ, ಸಂಬಳ ಬರತೊಡಗಿದ ಮೇಲೆ ಒಂದಿಬ್ಬರಿಗಾದರೂ ತಿಂಗಳಿಗೆ ಸ್ವಲ್ಪ ಹಣ ಕೊಡಿ. ಇದು ದಾನವಲ್ಲ, ನೀರಿನ ಬಾಕಿ.

ಇನ್ನು ಬ್ರೌಸರಿಗೇ ನೇರವಾಗಿ ತಗಲುವ ಎರಡು ಘಟನೆ. ಮೊದಲನೆಯದು 2024ರದು. ಹಳೆಯ ಬ್ರೌಸರ್‌ಗಳಿಗೆ ಬೇಕಾದ ಕೋಡನ್ನು ನೋಡಿಕೊಂಡು ಕಳಿಸುವ ‘ಪಾಲಿಫಿಲ್ ಡಾಟ್ ಐಒ’ ಎಂಬ ಸೇವೆ ಇತ್ತು. ಜನ ಅದರ ವಿಳಾಸವನ್ನು ಸ್ಕ್ರಿಪ್ಟ್ ಟ್ಯಾಗಿನಲ್ಲಿ ಹಾಕಿ ಮರೆತಿದ್ದರು. ಫೆಬ್ರವರಿಯಲ್ಲಿ ಆ ಡೊಮೇನ್ ಬೇರೆ ಕಂಪನಿಯ ಕೈಗೆ ಹೋಯಿತು. ಜೂನ್ ಹೊತ್ತಿಗೆ ಅದು ಮೊಬೈಲಿನಲ್ಲಿ ಬಂದವರನ್ನು ಬೆಟ್ಟಿಂಗ್ ತಾಣಗಳಿಗೆ ತಿರುಗಿಸುವ ಕೋಡ್ ಕಳಿಸುತ್ತಿರುವುದು ಬಯಲಾಯಿತು. ಒಂದು ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿ ಆ ಟ್ಯಾಗು ಇತ್ತು. ಸ್ಕ್ರಿಪ್ಟ್ ಟ್ಯಾಗಿಗೆ ‘ಇಂಟೆಗ್ರಿಟಿ’ ಎಂಬ ಹ್ಯಾಶ್ ಸೇರಿಸಿದರೆ ಫೈಲು ಬದಲಾದ ಕೂಡಲೇ ಬ್ರೌಸರ್ ಅದನ್ನು ಓಡಿಸುವುದಿಲ್ಲ. 2016ರಿಂದ ಅದು ವೆಬ್ ಮಾನದಂಡ ಹೊರಡಿಸುವ ಡಬ್ಲ್ಯು3ಸಿ ಸಂಸ್ಥೆಯ ಶಿಫಾರಸು. ಆದರೆ ಈ ಸೇವೆ ಒಂದೊಂದು ಬ್ರೌಸರಿಗೆ ಒಂದೊಂದು ಫೈಲು ಕಳಿಸುತ್ತಿದ್ದುದರಿಂದ ಹ್ಯಾಶ್ ಹಾಕಲು ಆಗುತ್ತಲೇ ಇರಲಿಲ್ಲ. ಬೀಗ ಹಾಕಲು ಬಾರದ ಬಾಗಿಲನ್ನು ಮನೆಗೆ ಇಡಬಾರದು. ಹಲವು ತಾಣಗಳಿಗೆ ಫೈಲು ಹಂಚುವ ಸಿಡಿಎನ್ ಸರ್ವರಿನಿಂದ ತಂದರೆ ಬೇರೆ ತಾಣದಲ್ಲಿ ಇಳಿದ ಫೈಲೇ ಇಲ್ಲಿಗೂ ಆಗುತ್ತದೆ, ವೇಗ ಎಂಬ ಹಳೆಯ ಮಾತನ್ನು ಇನ್ನೂ ಹೇಳಿಕೊಡುತ್ತಾರೆ. ಸಫಾರಿ ಮೊದಲೇ, ಕ್ರೋಮ್ 2020ರಲ್ಲಿ, ಪ್ರತಿ ತಾಣಕ್ಕೂ ಬೇರೆ ಬೇರೆ ಕ್ಯಾಶ್ (ಇಳಿಸಿದ ಫೈಲುಗಳ ಸಂಗ್ರಹ) ಇಡತೊಡಗಿದವು. ಆ ಲಾಭ ಈಗ ಇಲ್ಲ. ಫೈಲನ್ನು ನಿಮ್ಮ ಸರ್ವರಿನಲ್ಲೇ ಇಟ್ಟುಕೊಳ್ಳಿ.

ಎರಡನೆಯದು 2025ರ ಸೆಪ್ಟೆಂಬರ್ 8ರದು. ಎರಡು ಹಂತದ ಲಾಗಿನ್ ನವೀಕರಿಸಿ ಎಂದು ಎನ್‌ಪಿಎಂ ಹೆಸರಿನಲ್ಲಿ ಬಂದ ನಕಲಿ ಇಮೇಲಿಗೆ ಒಬ್ಬ ನಿರ್ವಾಹಕರು ಮೋಸಹೋದರು. ಅವರ ಕೈಕೆಳಗಿದ್ದ ‘ಚಾಕ್’, ‘ಡಿಬಗ್’ ಸೇರಿ 18 ಪ್ಯಾಕೇಜ್‌ಗಳಿಗೆ ವಿಷ ಸೇರಿತು. ಎಲ್ಲ ಒಟ್ಟಾಗಿ ವಾರಕ್ಕೆ 200 ಕೋಟಿಗೂ ಹೆಚ್ಚು ಸಲ ಇಳಿಯುವಂಥವು. ಆ ಕೋಡ್ ಹುಡುಕುತ್ತಿದ್ದುದು ಬ್ರೌಸರನ್ನೇ. ನೆಟ್‌ವರ್ಕ್ ಕರೆಗಳನ್ನೂ ವಾಲೆಟನ್ನೂ ನಡುವೆ ಹಿಡಿದು, ಹಣ ಹೋಗಬೇಕಾದ ಕ್ರಿಪ್ಟೋ ವಿಳಾಸವನ್ನು ಬದಲಿಸುವುದು ಅದರ ಕೆಲಸ. ಕೆಲವೇ ಗಂಟೆಗಳಲ್ಲಿ ಅದನ್ನು ತೆಗೆದರು. ಆ ಹೊತ್ತಿನಲ್ಲಿ ಲಾಕ್‌ಫೈಲ್ ಇಲ್ಲದೆ ಬಿಲ್ಡ್ ಮಾಡಿದವರಿಗೆ ಅದು ಸಿಕ್ಕಿತು. ಲಾಕ್‌ಫೈಲಿನಲ್ಲಿ ಹಳೆಯ ಆವೃತ್ತಿ ಹಿಡಿದುಕೊಂಡಿದ್ದವರಿಗೆ ಸಿಗಲಿಲ್ಲ. ಹೊಸ ನೀರು ಬಂದ ದಿನವೇ ಕುಡಿಯಬೇಕಿಲ್ಲ, ತಿಳಿಯಾಗಲು ಬಿಡಿ. ಅದೇ ತಿಂಗಳು, ಎನ್‌ಪಿಎಂ ಭಂಡಾರದಿಂದಲೇ ಪ್ಯಾಕೇಜ್ ತರುವ ಪಿಎನ್‌ಪಿಎಂ ಎಂಬ ಇನ್ನೊಂದು ಉಪಕರಣ ಇಂಥದ್ದೇ ಒಂದು ಸೌಲಭ್ಯ ಕೊಟ್ಟಿತು: ಆವೃತ್ತಿ ಹೊರಬಂದು ಇಷ್ಟು ಸಮಯ ಕಳೆಯುವವರೆಗೆ ಹಾಕಿಕೊಳ್ಳಬೇಡ ಎಂದು ಹೇಳಿಡಬಹುದು. ಪ್ಯಾಕೇಜ್ ಇಳಿಯುವಾಗ ತಾನಾಗಿ ಓಡುವ ಸ್ಕ್ರಿಪ್ಟ್‌ಗಳನ್ನು ಅದರ 10ನೇ ಆವೃತ್ತಿ ಮೊದಲೇ ತಡೆಹಿಡಿದಿತ್ತು. ನಮ್ಮ ತಂಡ ಅದಕ್ಕೇ ಪಿಎನ್‌ಪಿಎಂಗೆ ಹೋಯಿತು.

ಗಾತ್ರದ ಬಗ್ಗೆ ಸ್ವಲ್ಪ. ನಮ್ಮ ದರದ ಪುಟದಲ್ಲಿ ದಿನಾಂಕ ತೋರಿಸಲು ಮೊಮೆಂಟ್ ಎಂಬ ಪ್ಯಾಕೇಜ್ ಇತ್ತು. ವೆಬ್‌ಪ್ಯಾಕಿಗೆ ವಿಶೇಷವಾಗಿ ಹೇಳದಿದ್ದರೆ ಅದು ಎಲ್ಲ ಭಾಷೆಗಳ ತಿಂಗಳ ಹೆಸರನ್ನೂ ಹೊತ್ತು ತರುತ್ತದೆ. ನಮಗೆ ಬೇಕಾದದ್ದು ಕನ್ನಡದ ಹನ್ನೆರಡು ತಿಂಗಳು. ಅದನ್ನು ಬರೆದವರೇ 2020ರಲ್ಲಿ ಹೊಸ ಕೆಲಸಕ್ಕೆ ಇದನ್ನು ಆರಿಸಬೇಡಿ ಎಂದು ಪ್ರಾಮಾಣಿಕವಾಗಿ ಹೇಳಿದ್ದಾರೆ. ಬ್ರೌಸರಿನೊಳಗೇ ‘ಇಂಟ್ಲ್’ ಎಂಬ ವ್ಯವಸ್ಥೆ ಇದೆ. ಕನ್ನಡದ ಲೊಕೇಲ್ (ಭಾಷೆಯ ಗುರುತು) ಕೊಟ್ಟರೆ ತಿಂಗಳು, ವಾರ ಎಲ್ಲ ಕನ್ನಡದಲ್ಲಿ ಬರುತ್ತದೆ. ಒಂದು ಕೆಬಿಯೂ ಇಳಿಸಬೇಕಿಲ್ಲ. ನಮ್ಮ ಮೂರು ಪ್ಯಾಕೇಜ್‌ಗಳು ಹೀಗೆ ಹೋದವು. ಒಂದೇ ಪ್ಯಾಕೇಜಿನ ಎರಡು ಆವೃತ್ತಿ ಒಟ್ಟಿಗೆ ಸೇರಿಕೊಳ್ಳುವುದೂ ಉಂಟು. ಪುಟ ಕಟ್ಟಲು ಬಳಸುವ ರಿಯಾಕ್ಟ್ ಪ್ಯಾಕೇಜ್ ಎರಡಾದರೆ ‘ಇನ್‌ವ್ಯಾಲಿಡ್ ಹುಕ್ ಕಾಲ್’ ಎಂಬ ದೋಷ ಬಂದು ತಲೆ ತಿನ್ನುತ್ತದೆ. ‘ಎನ್‌ಪಿಎಂ ಎಲ್‌ಎಸ್ ರಿಯಾಕ್ಟ್’ ಎಂದು ಕೇಳಿ, ಯಾರ ಬೆನ್ನಿಗೆ ಎರಡನೆಯದು ಬಂತು ಎಂದು ತೋರಿಸುತ್ತದೆ.

ಕೊನೆಗೆ ಪ್ರಶ್ನೆಗಳು ಬಂದವು. ಒಬ್ಬ ವಿದ್ಯಾರ್ಥಿ ಕೇಳಿದ: ‘ಹಂಗಾದ್ರೆ ಎಲ್ಲಾ ನಾವೇ ಬರ್ಕೋಬೇಕಾ ಸಾರ್?’ ಬೇಡಪ್ಪ. ಗೂಢಲಿಪಿ, ನಕ್ಷೆ, ಕೋಷ್ಟಕ ಫೈಲು ಓದುವ ಕೆಲಸ ಇಂಥವನ್ನು ನೀನು ಬರೆದರೆ ತಪ್ಪೇ ಹೆಚ್ಚು. ಒಂದು ಸಂಜೆಯಲ್ಲಿ ಬರೆದು ಪರೀಕ್ಷಿಸಬಹುದಾದದ್ದನ್ನು ಬರೆದುಕೋ, ಉಳಿದದ್ದನ್ನು ನೋಡಿ ತೆಗೆದುಕೋ.

ಇನ್ನೊಬ್ಬಳು ಹೇಳಿದ್ದು ನಿಜವಾದ ಕಷ್ಟ: ಕೊನೆ ವರ್ಷದ ಪ್ರಾಜೆಕ್ಟಿನ ನೋಡ್ ಮಾಡ್ಯೂಲ್ಸ್ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಲು ಒಂದು ಗಂಟೆ ಹಿಡಿಯಿತು, ಗೆಳತಿಯ ಲ್ಯಾಪ್‌ಟಾಪಿನಲ್ಲಿ ಅದು ಓಡಲಿಲ್ಲ. ಅದನ್ನು ಕಾಪಿ ಮಾಡಲೇಬೇಡಮ್ಮ. ನಿಮ್ಮ ಕೋಡು, ಪ್ಯಾಕೇಜ್ ಪಟ್ಟಿಯ ಫೈಲು, ಲಾಕ್‌ಫೈಲು ಇಷ್ಟು ಕೊಟ್ಟರೆ ಸಾಕು, ಗೆಳತಿ ‘ಎನ್‌ಪಿಎಂ ಸಿಐ’ ಹೊಡೆದರೆ ಅವಳ ಯಂತ್ರಕ್ಕೆ ಒಗ್ಗುವಂತೆ ಅದೇ ಆವೃತ್ತಿಗಳು ಬಂದು ಕೂರುತ್ತವೆ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: ‘ವೇಮಗಲ್‌ನವರ ಫೋನಲ್ಲಿ ಈಗ ಬರ್ತದಾ?’

ಬರುತ್ತದೆ. ಅವತ್ತು ಹನ್ನೊಂದು ಗಂಟೆಯ ಹೊತ್ತಿಗೆ ಹಳೆಯ ಆವೃತ್ತಿಗೆ ಮರಳಿದೆವು. ಮರುದಿನ ಅವರನ್ನು ಕೇಳಿ ಮಾಡೆಲ್ ಬರೆದುಕೊಂಡು, ಅಂಥದ್ದೇ ಒಂದು ಸೆಕೆಂಡ್ ಹ್ಯಾಂಡ್ ಫೋನು ಕೊಂಡು ತಂದೆವು. ನಮ್ಮ ಮೇಜಿನ ಮೇಲೆ ಚಾರ್ಜರಿಗೆ ಹಾಕಿಕೊಂಡೇ ಇರುತ್ತದೆ. ಯಾವ ಪ್ಯಾಕೇಜ್ ಬದಲಾದರೂ ಪುಟ ಮೊದಲು ತೆರೆಯುವುದು ಅದರಲ್ಲಿ.